ಅದೇ ಮನುಷ್ಯ: ವ್ಯಕ್ತಿಯ ಏಕತ್ವದ ಪ್ರಶ್ನೆ

ಒಬ್ಬ ವ್ಯಕ್ತಿ ಬಾಲ್ಯದಿಂದ ಮುಪ್ಪಿನವರೆಗೆ ಅದೇ ವ್ಯಕ್ತಿಯಾಗಿ ಉಳಿಯುವುದು ಯಾವುದರಿಂದ ಎಂಬುದು ತತ್ತ್ವಶಾಸ್ತ್ರದ ಬಹು ಹಳೆಯ ಪ್ರಶ್ನೆಗಳಲ್ಲಿ ಒಂದು. ವ್ಯಕ್ತಿಯ ಏಕತ್ವ, ವ್ಯಕ್ತಿತಾದಾತ್ಮ್ಯ ಎಂಬ ಹೆಸರುಗಳು ಇದಕ್ಕಿವೆ. ಇಂದಿನ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ‘ಅಸ್ಮಿತೆ’ ಬೇರೆಯೇ ಸಂಗತಿ. ಭಾಷೆ, ಜಾತಿ, ನಾಡುಗಳ ಜೊತೆ ಜನ ತಮ್ಮನ್ನು ಗುರುತಿಸಿಕೊಳ್ಳುವ ಬಗೆ ಅದು. ಇಲ್ಲಿನ ಪ್ರಶ್ನೆಗೆ ಕನ್ನಡದ ಎರಡು ಸಣ್ಣ ಪದಗಳೇ ಸಾಕಷ್ಟು ಬೆಳಕು ಕೊಡುತ್ತವೆ. ‘ಅದೇ ಸೀರೆ’ ಎಂದರೆ ಸೀರೆ ಒಂದು, ‘ಅಂಥದೇ ಸೀರೆ’ ಎಂದರೆ ಸೀರೆ ಎರಡು. ಸೀರೆ ಅಂಗಡಿಯಲ್ಲಿ ಯಾರೂ ಇವೆರಡನ್ನು ಕಲಸಿಕೊಳ್ಳುವುದಿಲ್ಲ. ಮನುಷ್ಯರ ಮಾತು ಬಂದಾಗ ಮಾತ್ರ ಪಂಡಿತರೂ ಎಡವುತ್ತಾರೆ. ‘ಲಕ್ವ ಹೊಡೆದ ಮೇಲೆ ಅವನು ಮೊದಲಿನ ಮನುಷ್ಯನೇ ಅಲ್ಲ’ ಎನ್ನುತ್ತೇವೆ. ಈ ಮಾತಿಗೆ ಅರ್ಥವಿರುವುದು ‘ಅವನು’ ಅವನೇ ಆಗಿರುವುದರಿಂದ. ಬೇರೆ ಯಾರೋ ಬಂದು ಕೂತಿದ್ದರೆ ದುಃಖಪಡಲು ಕಾರಣವೇ ಇರುತ್ತಿರಲಿಲ್ಲ. ಬದಲಾದದ್ದು ‘ಅಂಥ’ದ್ದು, ಉಳಿದದ್ದು ‘ಅದೇ’. ಹಾಗಾದರೆ ಆ ‘ಅದೇ’ಯನ್ನು ಹೊತ್ತು ತರುವುದು ಯಾವುದು? ನೆನಪು ಎಂಬ ಉತ್ತರಕ್ಕೆ ಮೂರು ಶತಮಾನಗಳಿಂದ ಹೆಚ್ಚು ಬೆಂಬಲವಿದೆ. ಈ ಲೇಖನದ ವಾದ ಬೇರೆ: ಹೊರುವುದು ಬದುಕಿರುವ ದೇಹ, ಮುಖ್ಯವಾಗಿ ಅದರೊಳಗಿನ ಮಿದುಳು, ನೆನಪು ಸಾಕ್ಷಿ ಹೇಳುತ್ತದೆ, ಅಷ್ಟೆ.

ಈ ಪ್ರಶ್ನೆ ಕಟಕಟೆ ಹತ್ತಿದ ಪ್ರಸಂಗಗಳಲ್ಲಿ ಭಾವಲ್ ಸಂನ್ಯಾಸಿಯ ಮೊಕದ್ದಮೆಗೆ ಸಾಟಿಯಾದದ್ದು ಭಾರತದಲ್ಲಿ ಇನ್ನೊಂದಿಲ್ಲ. ಢಾಕಾ ಸಮೀಪದ ಭಾವಲ್ ಜಮೀನ್ದಾರಿಯ ಮೂವರು ಕುಮಾರರಲ್ಲಿ ಎರಡನೆಯವನಾದ ರಮೇಂದ್ರನಾರಾಯಣ ರಾಯ್ 1909ರ ಮೇ ತಿಂಗಳಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡನೆಂದು ಊರಿಗೆ ಸುದ್ದಿ ಬಂತು. ಹನ್ನೆರಡು ವರ್ಷ ಕಳೆದ ಮೇಲೆ, ಢಾಕಾದಲ್ಲಿ ಮೈಗೆಲ್ಲ ಬೂದಿ ಬಳಿದುಕೊಂಡು ಕೂತಿದ್ದ ಸಂನ್ಯಾಸಿಯೊಬ್ಬನನ್ನು ಜನ ಕುಮಾರನೆಂದು ಗುರುತಿಸತೊಡಗಿದರು. 1921ರಲ್ಲಿ ಅವನೂ ಹೌದೆಂದ. ಸ್ಮಶಾನದಲ್ಲಿ ಬಿಟ್ಟುಹೋದ ತನ್ನನ್ನು ನಾಗಾ ಸಾಧುಗಳು ಉಳಿಸಿದರು, ನೆನಪೆಲ್ಲ ಅಳಿಸಿಹೋಗಿದ್ದು ಮೆಲ್ಲಮೆಲ್ಲನೆ ಮರಳಿತು ಎಂಬುದು ಅವನ ಕತೆ. ಸೋದರಿ ಜ್ಯೋತಿರ್ಮಯಿ ಒಪ್ಪಿದಳು. ಹೆಂಡತಿ ವಿಭಾವತಿ ಒಪ್ಪಲಿಲ್ಲ. ಅವನು ಪಂಜಾಬಿನ ಯಾರೋ ಒಬ್ಬನೆಂದು ಎದುರು ಪಕ್ಷ ವಾದಿಸಿತು. 1930ರಲ್ಲಿ ದಾವೆ ಬಿತ್ತು, ಸಾವಿರಕ್ಕೂ ಹೆಚ್ಚು ಸಾಕ್ಷಿಗಳು ಬಂದು ಹೋದರು. 1936ರ ಆಗಸ್ಟ್ 24ರಂದು ನ್ಯಾಯಾಧೀಶ ಪನ್ನಾಲಾಲ್ ಬಸು ಇವನೇ ಎರಡನೇ ಕುಮಾರನೆಂದು ತೀರ್ಪಿತ್ತರು. ಕಲ್ಕತ್ತ ಹೈಕೋರ್ಟು 1940ರಲ್ಲಿ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 1946ರ ಜುಲೈ 30ರಂದು ಪ್ರಿವಿ ಕೌನ್ಸಿಲ್ ಕೂಡ. ಗೆದ್ದ ಕೆಲವೇ ದಿನಗಳಲ್ಲಿ ಅವನು ಸತ್ತ. ತತ್ತ್ವಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಕುತೂಹಲದ ಸಂಗತಿ ತೀರ್ಪಲ್ಲ, ತೀರ್ಪಿಗೆ ಬಂದ ದಾರಿ. ವಾದಿಯ ನೆನಪು ಹರಕುಮುರುಕು, ಬಂಗಾಳಿ ಮಾತಿನಲ್ಲಿ ಹಿಂದಿಯ ಜಾಡು, ನಡೆನುಡಿಯೆಲ್ಲ ಬೇರೆ. ಆದರೂ ಕೆಳಗಿನ ನ್ಯಾಯಾಲಯ ಕಾಲಿನ ಒರಟು ಚರ್ಮ, ಹಳೆಯ ಗಾಯದ ಕಲೆ ಮೊದಲಾದ ಮೈಮೇಲಿನ ಗುರುತುಗಳನ್ನು ಒಂದೊಂದಾಗಿ ತಾಳೆ ನೋಡಿತು. ಬಲ್ಲವರ ಗುರುತಿಸುವಿಕೆಯನ್ನು ಅದರ ಪಕ್ಕದಲ್ಲಿ ಇಟ್ಟು ತೂಗಿತು. ‘ಗುರುತು’ ಎಂಬ ಒಂದೇ ಪದ ಮೈಮೇಲಿನ ಕಲೆಗೂ ಪರಿಚಯಕ್ಕೂ ಸಲ್ಲುವುದು ಕನ್ನಡದ ಆಕಸ್ಮಿಕವಿರಲಿಕ್ಕಿಲ್ಲ.

ನೆನಪಿನ ಪಕ್ಷವನ್ನು ಮೊದಲು ಬಲವಾಗಿ ಕಟ್ಟಿದವನು ಇಂಗ್ಲೆಂಡಿನ ಜಾನ್ ಲಾಕ್. ಮಾನವ ಬುದ್ಧಿಯನ್ನು ಕುರಿತ ತನ್ನ ಗ್ರಂಥದ ಎರಡನೇ ಮುದ್ರಣಕ್ಕೆ, 1694ರಲ್ಲಿ, ಅವನು ಈ ವಿಷಯದ ಮೇಲೊಂದು ಅಧ್ಯಾಯ ಸೇರಿಸಿದ. ‘ಮನುಷ್ಯ’ ಬೇರೆ, ‘ವ್ಯಕ್ತಿ’ ಬೇರೆ ಎಂಬುದು ಅದರ ತಿರುಳು. ಮನುಷ್ಯನೆಂದರೆ ಬದುಕಿರುವ ಒಂದು ಶರೀರ. ವ್ಯಕ್ತಿಯೆಂದರೆ ತನ್ನನ್ನು ತಾನು ಬಲ್ಲ, ಹಿಂದೆ ಮಾಡಿದ್ದನ್ನು ತನ್ನದೆಂದು ಅರಿಯುವ ಪ್ರಜ್ಞೆ. ರಾಜಕುಮಾರನೊಬ್ಬನ ಪ್ರಜ್ಞೆ ಚಮ್ಮಾರನ ದೇಹಕ್ಕೆ ಹೊಕ್ಕರೆ ಎದ್ದು ಕೂತವನು ರಾಜಕುಮಾರನೇ ಎಂದು ಅವನು ವಾದಿಸಿದ. ಲಾಕ್‌ನ ಆಸಕ್ತಿ ಕತೆಯಲ್ಲಿರಲಿಲ್ಲ, ನ್ಯಾಯದಲ್ಲಿತ್ತು. ವ್ಯಕ್ತಿ ಎಂಬುದು ಹೊಣೆ, ಶಿಕ್ಷೆ, ಬಹುಮಾನಗಳಿಗೆ ಸಂಬಂಧಿಸಿದ ಪದವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಜೋಸೆಫ್ ಬಟ್ಲರ್ 1736ರಲ್ಲಿ ಎತ್ತಿದ ಆಕ್ಷೇಪ ಇಂದಿಗೂ ಹಳತಾಗಿಲ್ಲ. ‘ಇದು ನನ್ನ ನೆನಪು’ ಎನ್ನಬೇಕಾದರೆ ಅದನ್ನು ಅನುಭವಿಸಿದವನು ನಾನೇ ಆಗಿರಬೇಕು. ನೆಪೋಲಿಯನ್ನನ ಯುದ್ಧ ತನಗೆ ನೆನಪಿದೆ ಎನ್ನುವವನ ಮಾತನ್ನು ನಾವು ತಳ್ಳಿಹಾಕುವುದು ಅವನು ನೆಪೋಲಿಯನ್ ಅಲ್ಲವೆಂದು ಮೊದಲೇ ಬಲ್ಲೆವಾದ್ದರಿಂದ. ಅಂದರೆ ನಿಜವಾದ ನೆನಪನ್ನು ಭ್ರಮೆಯಿಂದ ಬೇರ್ಪಡಿಸಲು ಏಕತ್ವ ಬೇಕು. ಅದೇ ಏಕತ್ವವನ್ನು ನೆನಪಿನಿಂದ ಕಟ್ಟುತ್ತೇವೆನ್ನುವುದು ತನ್ನ ಹೆಗಲ ಮೇಲೆ ತಾನೇ ಹತ್ತಿದಂತೆ. 1785ರಲ್ಲಿ ಥಾಮಸ್ ರೀಡ್ ಇನ್ನೊಂದು ತೊಡಕು ತೋರಿಸಿದ. ಬಾಲ್ಯದಲ್ಲಿ ತೋಟದ ಕಳ್ಳತನಕ್ಕೆ ಏಟು ತಿಂದದ್ದು ದಂಡಿನ ಅಧಿಕಾರಿಗೆ ನೆನಪಿದೆ. ಅಧಿಕಾರಿಯಾಗಿ ಶತ್ರುಧ್ವಜ ಕಸಿದದ್ದು ಮುದಿ ದಂಡನಾಯಕನಿಗೆ ನೆನಪಿದೆ, ಏಟು ಮಾತ್ರ ಮರೆತಿದೆ. ಲಾಕ್‌ನ ಲೆಕ್ಕದಲ್ಲಿ ದಂಡನಾಯಕ ಆ ಹುಡುಗನೂ ಹೌದು, ಅಲ್ಲವೂ ಹೌದು. ಮುಂದಿನವರು ನೆನಪಿನ ಎಳೆಗಳನ್ನು ಸರಪಳಿಯಂತೆ ಜೋಡಿಸಿ ರೀಡ್‌ಗೆ ಉತ್ತರ ಕೊಟ್ಟರು. ಆ ಸರಪಳಿಯ ಕೊಂಡಿಗಳು ಕಡಿದವರ ಗತಿಯೇನು?

ಕಡಿದವರಿದ್ದಾರೆ, ಅವರನ್ನು ದಶಕಗಳ ಕಾಲ ಪರೀಕ್ಷಿಸಿಯೂ ಇದ್ದಾರೆ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವನ ಮಿದುಳಿನ ಎರಡೂ ಕಡೆಯ ಕಪೋಲಪಾಲಿಗಳ ಒಳಭಾಗವನ್ನು ತೆಗೆದುಹಾಕಿದ. ಮೂರ್ಛೆ ತಗ್ಗಿತು. ಜೊತೆಗೆ ಹೊಸ ನೆನಪು ಉಳಿಯುವ ಶಕ್ತಿಯೂ ಹೋಯಿತು. 2008ರಲ್ಲಿ ಸಾಯುವತನಕ ಅವನು ದಿನವೂ ಕಂಡ ಸಂಶೋಧಕರನ್ನು ದಿನವೂ ಹೊಸಬರಂತೆ ಕಂಡ. ಹೀಗಿದ್ದೂ ಅವನ ಸೌಜನ್ಯ, ಮಾತಿನ ಧಾಟಿ, ತಮಾಷೆಯ ಗುಣ ಅವನವೇ ಆಗಿ ಉಳಿದವು. ಕನ್ನಡಿಯಲ್ಲಿ ಮಾತ್ರ ನೋಡಿ ನಕ್ಷತ್ರದ ಚಿತ್ರ ಬಿಡಿಸುವುದನ್ನು ಬ್ರೆಂಡಾ ಮಿಲ್ನರ್ ಅವನಿಂದ ಅಭ್ಯಾಸ ಮಾಡಿಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು; ಹಿಂದೆ ಬಿಡಿಸಿದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕಲಿತವನು ಯಾರು? ನೆನಪಿನ ಪಕ್ಷಕ್ಕೆ ಇಲ್ಲಿ ಉತ್ತರವಿಲ್ಲ. ಕೆನಡಾದಲ್ಲಿ ಕೆ.ಸಿ. ಎಂಬ ಮೊದಲಕ್ಷರಗಳಿಂದ ಪ್ರಸಿದ್ಧನಾದ ರೋಗಿ ಇನ್ನೂ ಒಂದು ಹೆಜ್ಜೆ ಮುಂದೆ. 1981ರ ಮೋಟಾರ್‌ಸೈಕಲ್ ಅಪಘಾತದ ನಂತರ ತನ್ನ ಬದುಕಿನ ಒಂದೇ ಒಂದು ಘಟನೆಯನ್ನೂ ಅವನು ಒಳಗಿನಿಂದ ನೆನೆಯಲಾರದವನಾದ. ಅಪಘಾತದಿಂದ ಅವನ ಸ್ವಭಾವವೂ ಬದಲಾಗಿತ್ತು. ಎಂಡೆಲ್ ಟಲ್ವಿಂಗ್ ಅವನ ಸ್ವಭಾವವನ್ನು ಅವನಿಂದಲೇ ವರ್ಣಿಸಲು ಕೇಳಿದಾಗ, ಬಂದ ಉತ್ತರ ಮಗನ ಈಗಿನ ಸ್ವಭಾವದ ಬಗ್ಗೆ ತಾಯಿ ಕೊಟ್ಟ ವರ್ಣನೆಗೆ ಹೊಂದಿಕೆಯಾಯಿತು. ಒಂದು ಪ್ರಸಂಗವೂ ನೆನಪಿಲ್ಲದೆ ತಾನೆಂಥವನೆಂಬ ಅರಿವನ್ನು ಅವನು ಹೊಸದಾಗಿ ಗಳಿಸಿಕೊಂಡಿದ್ದ. ನೆನಪೇ ‘ತಾನು’ ಆಗಿದ್ದರೆ ಇವರಿಬ್ಬರೂ ಯಾರೂ ಅಲ್ಲದವರಾಗಬೇಕಿತ್ತು.

ಭಾರತೀಯ ದರ್ಶನಗಳು ಇದೇ ನೆನಪನ್ನು ಹಿಡಿದು ಬೇರೆ ದಿಕ್ಕಿಗೆ ನಡೆದವು. ಕಣ್ಣಿನಿಂದ ಕಂಡದ್ದನ್ನೇ ಕೈಯಿಂದ ಮುಟ್ಟಿ ‘ಇದು ಅದೇ’ ಎನ್ನುತ್ತೇವೆ. ಕಣ್ಣಿಗೆ ಸ್ಪರ್ಶ ತಿಳಿಯದು, ಚರ್ಮಕ್ಕೆ ಬಣ್ಣ ತಿಳಿಯದು. ಆದ್ದರಿಂದ ಎರಡನ್ನೂ ಬಲ್ಲ ಇನ್ನೊಬ್ಬನಿದ್ದಾನೆ ಎಂಬುದು ನ್ಯಾಯಸೂತ್ರದ ಮೂರನೇ ಅಧ್ಯಾಯ ತೊಡಗುವ ಯುಕ್ತಿ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಬೌದ್ಧರ ಕ್ಷಣಿಕವಾದವನ್ನು ಎದುರಿಸುವಾಗ ಶಂಕರರೂ ಕಂಡವನೇ ನೆನೆಯುತ್ತಾನೆಂಬ ಅನುಭವವನ್ನೇ ಮುಂದಿಡುತ್ತಾರೆ. ಗಮನಿಸಬೇಕಾದದ್ದು ಇಲ್ಲಿನ ಎಚ್ಚರ. ಇವರಾರೂ ನೆನಪನ್ನು ಆತ್ಮವೆನ್ನಲಿಲ್ಲ. ಹೊಗೆ ಬೆಂಕಿಗೆ ಇದ್ದಂತೆ ನೆನಪು ಆತ್ಮಕ್ಕೆ ಲಿಂಗ, ಅಂದರೆ ಗುರುತು. ಲಾಕ್ ಹೊಗೆಯನ್ನೇ ಬೆಂಕಿಯೆಂದುಕೊಂಡ ಎನ್ನಬಹುದು. ಬೌದ್ಧರ ಉತ್ತರ ಇದಕ್ಕಿಂತ ದಿಟ್ಟವಾದದ್ದು. ಯವನ ದೊರೆ ಮಿಲಿಂದನೊಡನೆ ನಾಗಸೇನ ನಡೆಸಿದ ಸಂವಾದವನ್ನು ಹೇಳುವ ಪಾಲಿ ಗ್ರಂಥದಲ್ಲಿ ರಾತ್ರಿಯಿಡೀ ಉರಿಯುವ ದೀಪದ ದೃಷ್ಟಾಂತ ಬರುತ್ತದೆ: ಮೊದಲ ಜಾವದ ಜ್ವಾಲೆಯೇ ಕೊನೆಯ ಜಾವದ್ದೂ ಅಲ್ಲ, ಬೇರೆಯದೂ ಅಲ್ಲ. ಒಂದರಿಂದ ಇನ್ನೊಂದು ಹುಟ್ಟುವ ಸಂತಾನವಿದೆ, ಒಡೆಯನಿಲ್ಲ. ಯೂರೋಪಿನಲ್ಲಿ 1739ರಲ್ಲಿ ಡೇವಿಡ್ ಹ್ಯೂಮ್ ತನ್ನೊಳಗೆ ಹುಡುಕಿ ಅನಿಸಿಕೆಗಳ ಕಟ್ಟಲ್ಲದೆ ಇನ್ನೇನೂ ಸಿಗಲಿಲ್ಲವೆಂದ. ಮರುವರ್ಷ ಅನುಬಂಧದಲ್ಲಿ ಆ ಕಟ್ಟನ್ನು ಕಟ್ಟಿದ್ದು ಏನೆಂದು ತಿಳಿಯದೆ ಪೇಚಾಡಿದ. ಬೌದ್ಧ ವಾದಕ್ಕೂ ಕೇಳಬೇಕಾದ ಪ್ರಶ್ನೆ ಅದೇ. ಒಂದೇ ಕೋಣೆಯಲ್ಲಿ ಹತ್ತು ದೀಪ ಉರಿಯುತ್ತಿರುವಾಗ ಈ ಜ್ವಾಲೆ ಆ ಜ್ವಾಲೆಯ ಸಂತಾನವೆಂದು ಹೇಳುವುದು ಹೇಗೆ? ಬತ್ತಿಯನ್ನು ನೋಡಿ. ದೃಷ್ಟಾಂತದಲ್ಲಿ ಮಾತಿಲ್ಲದೆ ಕೆಲಸ ಮಾಡುತ್ತಿರುವ ಬತ್ತಿ ಮತ್ತು ಪ್ರಣತಿಯೇ ಇಲ್ಲಿ ಪ್ರತಿಪಾದಿಸುತ್ತಿರುವ ದೇಹ.

ಹಾಗೆಂದ ಕೂಡಲೇ ಇದು ಚಾರ್ವಾಕ ಮತವೆಂಬ ಆರೋಪ ಬರುವುದು ಸಹಜ. ಎಲೆ, ಅಡಕೆ, ಸುಣ್ಣ ಕೂಡಿದಾಗ ಯಾವುದರಲ್ಲೂ ಇಲ್ಲದ ಕೆಂಪು ಮೂಡುವಂತೆ ಭೂತಗಳು ಕೂಡಿದಾಗ ಚೈತನ್ಯ ಮೂಡುತ್ತದೆ ಎಂಬುದು ಅವರ ಹೆಸರಿನಲ್ಲಿ ಪ್ರಚಲಿತವಾದ ಮಾತು. ಆದರೆ ಚೈತನ್ಯ ಯಾವುದರಿಂದ ಆಯಿತು ಎಂಬುದು ಒಂದು ಪ್ರಶ್ನೆ, ಈತ ಆತನೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಕೊಟ್ಟ ಉತ್ತರ ಮೊದಲನೆಯದನ್ನು ಮುಗಿಸುವುದಿಲ್ಲ. ಅದ್ವೈತದ ಸಾಕ್ಷಿಚೈತನ್ಯವನ್ನೇ ನೋಡಿ: ಅದು ಎಲ್ಲರಲ್ಲೂ ಒಂದೇ, ಆದ್ದರಿಂದ ದೇವದತ್ತನನ್ನು ಯಜ್ಞದತ್ತನಿಂದ ಬೇರೆ ಮಾಡಲು ಅದ್ವೈತಿಗೂ ಅಂತಃಕರಣದ ಉಪಾಧಿ ಬೇಕಾಗುತ್ತದೆ. ಉಡುಪಿಯ ಮಧ್ವಾಚಾರ್ಯರು ಒಬ್ಬೊಬ್ಬ ಜೀವನಿಗೂ ಅವನದೇ ಸ್ವರೂಪವಿದೆ, ಅದನ್ನು ಅವನ ಸಾಕ್ಷಿಯೇ ತಪ್ಪಿಲ್ಲದೆ ಅರಿಯುತ್ತದೆ ಎಂದು ಈ ತೊಡಕನ್ನು ನೇರವಾಗಿ ಬಿಡಿಸಿದರು. ‘ನಾನು ನಾನೇ’ ಎಂಬುದಕ್ಕೆ ಅದು ಸಾಕಾದೀತು. ‘ಅವನು ಅವನೇ’ ಎಂಬುದಕ್ಕೆ ಸಾಲದು. ಒಬ್ಬನ ಸಾಕ್ಷಿಯನ್ನು ಇನ್ನೊಬ್ಬ ಇಣುಕಿ ನೋಡಲಾರ.

ಜನ್ಮಾಂತರ ಇಲ್ಲಿ ಗಂಭೀರವಾದ ಆಕ್ಷೇಪ, ಕನ್ನಡ ಸಾಹಿತ್ಯ ಅದರಿಂದ ತುಂಬಿದೆ. 941ರಲ್ಲಿ ಪಂಪ ಬರೆದ ಆದಿಪುರಾಣ ಒಂದೇ ಜೀವ ಹಲವು ಭವಗಳನ್ನು ದಾಟಿ ಆದಿನಾಥನಾಗುವ ಕತೆ. ಅದರಲ್ಲಿ ಶ್ರೀಮತಿಗೆ ಹಿಂದಿನ ಜನ್ಮದ ಲಲಿತಾಂಗ ನೆನಪಾಗುತ್ತಾನೆ. ಅವನನ್ನು ಹುಡುಕಲು ಅವಳು ಚಿತ್ರ ಬರೆಯುತ್ತಾಳೆ, ವಜ್ರಜಂಘ ಆ ಚಿತ್ರ ಕಂಡು ತನ್ನನ್ನು ತಾನು ಗುರುತಿಸುತ್ತಾನೆ. ದೇಹ ಬದಲಾದರೂ ವ್ಯಕ್ತಿ ಅದೇ, ಸಾಕ್ಷ್ಯ ನೆನಪು. ಆದರೆ ಪಂಪನಾಗಲಿ, 1209ರಲ್ಲಿ ಯಶೋಧರ ಚರಿತೆ ಬರೆದ ಜನ್ನನಾಗಲಿ ನೆನಪಿನಿಂದ ಏಕತ್ವ ಹುಟ್ಟಿತೆಂದು ಹೇಳುವುದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ ಪ್ರಾಣಿಗಳಾಗಿ ಹುಟ್ಟಿ ನೋಯುವುದು ಕರ್ಮ ಅವರನ್ನು ಹಿಂಬಾಲಿಸಿದ್ದರಿಂದ, ಅವರಿಗೆ ನೆನಪಿರುವುದರಿಂದಲ್ಲ. ಜೈನ ದರ್ಶನದಲ್ಲಿ ದ್ರವ್ಯವೆಂದರೆ ಹುಟ್ಟು, ಅಳಿವು, ನಿಲುವು ಮೂರೂ ಕೂಡಿದ್ದು. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬಯಸಿದವನು ಅಳುತ್ತಾನೆ, ಕಿರೀಟ ಬಯಸಿದವನು ನಗುತ್ತಾನೆ, ಚಿನ್ನ ಬಯಸಿದವನು ಸುಮ್ಮನಿರುತ್ತಾನೆ ಎಂಬ ಸಮಂತಭದ್ರನ ದೃಷ್ಟಾಂತ ಇದನ್ನೇ ಹೇಳುತ್ತದೆ. ಅಂದರೆ ಹೊರುವ ವಸ್ತು ಬೇಕೇ ಬೇಕು ಎಂಬಲ್ಲಿ ಜೈನರೂ ಈ ಲೇಖನವೂ ಒಂದೇ ಕಡೆ. ಆ ವಸ್ತು ಯಾವುದೆಂಬಲ್ಲಿ ಭೇದ. ಪೂರ್ವಜನ್ಮದ ನೆನಪನ್ನು ಸಂಶೋಧನೆಯ ವಿಷಯವಾಗಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಮತ್ತು ಅವರೊಡನೆ ಭಾರತದಲ್ಲಿ ದುಡಿದ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಮಕ್ಕಳ ಹೇಳಿಕೆಗಳನ್ನು ಸಂಗ್ರಹಿಸಿದರು. ಆ ಸಂಗ್ರಹದ ಮೌಲ್ಯದ ಬಗ್ಗೆ ವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ಅನುಮಾನವಿದೆ. ಆದರೆ ಒಂದು ವಿಚಿತ್ರ ಇಲ್ಲಿ ಪ್ರಸ್ತುತ: ಸ್ಟೀವನ್‌ಸನ್ 1997ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಮಕ್ಕಳ ಮೈಮೇಲಿನ ಹುಟ್ಟುಮಚ್ಚೆಗಳನ್ನು ಸತ್ತವರ ಗಾಯಗಳೊಡನೆ ತಾಳೆ ಹಾಕುವಂಥದು. ನೆನಪೊಂದನ್ನೇ ನೆಚ್ಚಲು ಅವರಿಗೂ ಧೈರ್ಯವಾಗಲಿಲ್ಲ.

ದೇಹವೇ ಹರಿಯುವ ಹೊಳೆಯಲ್ಲವೆ, ಅದು ಹೇಗೆ ಆಧಾರವಾದೀತು ಎಂಬುದು ಮುಂದಿನ ಆಕ್ಷೇಪ. ಏಳು ವರ್ಷಕ್ಕೊಮ್ಮೆ ಇಡೀ ದೇಹ ಹೊಸದಾಗುತ್ತದೆ ಎಂಬ ಜನಪ್ರಿಯ ಮಾತು ತಪ್ಪು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ, ಮೂಳೆ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗದಂತೆ ಹೊಸತಾಗುತ್ತದೆ. ಮಿದುಳಿನ ಹೊರಪದರದ ನರಕೋಶಗಳಾದರೋ ಬಹುಮಟ್ಟಿಗೆ ಮನುಷ್ಯನಷ್ಟೇ ವಯಸ್ಸಿನವು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಹೆಚ್ಚಿದ ವಿಕಿರಣಶೀಲ ಇಂಗಾಲವನ್ನು ಅಳೆದು ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ತೋರಿಸಿದ್ದಾರೆ. ಆ ಕೋಶಗಳೊಳಗಿನ ಅಣುಗಳೂ ಬದಲಾಗುತ್ತವೆ, ನಿಜ. ಆದರೆ ಜೀವಿಯ ಏಕತ್ವ ಕಲ್ಲಿನದರಂತೆ ಅಲ್ಲ. ಉಂಡದ್ದನ್ನು ತನ್ನದಾಗಿಸಿಕೊಂಡು, ಬೇಡವಾದದ್ದನ್ನು ಹೊರಹಾಕಿ ತನ್ನ ಆಕಾರವನ್ನು ತಾನೇ ಕಾಯ್ದುಕೊಳ್ಳುವ ಕೆಲಸ ಎಡೆಬಿಡದೆ ನಡೆಯುವುದೇ ಅದರ ಏಕತ್ವ. ಹೆಣ ಅದೇ ಆಕಾರದಲ್ಲಿದ್ದರೂ ಆ ಕೆಲಸ ಅಲ್ಲಿ ನಿಂತಿರುತ್ತದೆ. ಅದಕ್ಕೇ ‘ಬದುಕಿರುವ’ ಎಂಬ ವಿಶೇಷಣ.

ತಲೆಯೋ ಮುಂಡವೋ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ತಲೆಗಳು ಅದಲುಬದಲಾದ ಇಬ್ಬರಲ್ಲಿ ಹೆಣ್ಣಿಗೆ ಗಂಡ ಯಾರೆಂದು ಬೇತಾಳ ಕೇಳಿದ್ದು ಇದನ್ನೇ, ಗಂಡನ ತಲೆ ಇರುವವನೇ ಗಂಡನೆಂದು ದೊರೆ ಥಟ್ಟನೆ ಹೇಳಿಬಿಟ್ಟ. ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ಇದನ್ನು ಕಿರುಕಾದಂಬರಿಯಾಗಿಸಿದ. ಗಿರೀಶ ಕಾರ್ನಾಡರ ‘ಹಯವದನ’ ಅಲ್ಲಿಂದ ಹೊರಟಿತು. ನಾಟಕದಲ್ಲಿ ತಲೆಯ ಪಕ್ಷ ಗೆಲ್ಲುತ್ತದೆ, ಆದರೆ ನೆಮ್ಮದಿಯಿಂದಲ್ಲ. ದೇವದತ್ತನ ಮೈ ಹೊತ್ತ ಕಪಿಲನಿಗೆ ಆ ಮೈಯ ನೆನಪುಗಳು ಕಾಟ ಕೊಡುತ್ತವೆ; ಕೊನೆಗೆ ಮೈಗಳೇ ತಲೆಗಳಿಗೆ ತಕ್ಕಂತೆ ಹಳೆಯ ರೂಪಕ್ಕೆ ತಿರುಗುತ್ತವೆ. ದೊರೆಯ ಥಟ್ಟನೆಯ ಉತ್ತರಕ್ಕಿಂತ ಕಾರ್ನಾಡರ ಕಸಿವಿಸಿ ಸತ್ಯಕ್ಕೆ ಹತ್ತಿರವೆಂದು ತೋರುತ್ತದೆ. ತಲೆ ಗೆಲ್ಲುವುದಾದರೆ ಅದು ದೇಹವನ್ನು ಒಂದಾಗಿ ನಡೆಸುವ ಅಂಗವಾದ್ದರಿಂದ, ಅದರಲ್ಲಿ ನೆನಪಿನ ಉಗ್ರಾಣವಿದೆಯೆಂದಲ್ಲ. ಆ ಅಂಗವನ್ನೇ ಸೀಳಿದರೆ? 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರ್ಧಗಳನ್ನು ಬೆಸೆಯುವ ನರಸೇತುವೆಯನ್ನು ಕೆಲವರಲ್ಲಿ ಕತ್ತರಿಸಲಾಯಿತು. ಅಂಥವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮೈಕೆಲ್ ಗಜಾನಿಗಾ ಮುಂದೆ ಅಂಥ ಒಬ್ಬನ ಎಡ ಅರ್ಧಕ್ಕೆ ಕೋಳಿಯ ಕಾಲನ್ನೂ ಬಲ ಅರ್ಧಕ್ಕೆ ಹಿಮ ಬಿದ್ದ ಮನೆಯನ್ನೂ ತೋರಿಸಿದರು. ಅವನ ಬಲಗೈ ಕೋಳಿಯ ಚಿತ್ರ ಆರಿಸಿತು, ಎಡಗೈ ಸಲಿಕೆಯ ಚಿತ್ರ. ಸಲಿಕೆ ಯಾಕೆಂದು ಕೇಳಿದರೆ, ಹಿಮ ಕಂಡದ್ದನ್ನು ಅರಿಯದ ಎಡ ಅರ್ಧ ಕೋಳಿಗೂಡು ಬಳಿಯಲು ಎಂದು ಸಲೀಸಾಗಿ ಉತ್ತರಿಸಿತು. ಇಬ್ಬರು ವ್ಯಕ್ತಿಗಳು ಒಂದೇ ಬುರುಡೆಯಲ್ಲಿದ್ದಾರೆಂದು ಕೆಲವರು ತೀರ್ಮಾನಿಸಿದರು. ಅದು ಆತುರ. ಪ್ರಯೋಗಶಾಲೆಯ ಹೊರಗೆ ಇವರು ಊಟ ಮಾಡಿದ್ದು, ನಡೆದದ್ದು, ಮನೆಮಂದಿಯ ಜೊತೆ ಬದುಕಿದ್ದು ಒಬ್ಬೊಬ್ಬರಾಗಿಯೇ. 2017ರಲ್ಲಿ ಆಮ್‌ಸ್ಟರ್‌ಡ್ಯಾಂನ ಯಾಯಿರ್ ಪಿಂಟೊ ತಂಡವೂ ಇಂಥವರಲ್ಲಿ ನೋಟ ಒಡೆದಿದ್ದರೂ ಪ್ರಜ್ಞೆ ಒಡೆದಂತಿಲ್ಲವೆಂದು ವಾದಿಸಿತು. ಒಂದೇ ಮುಂಡಕ್ಕೆ ಎರಡು ತಲೆಯಿರುವ ಸಯಾಮಿ ಅವಳಿಗಳನ್ನು ನಾವು ಇಬ್ಬರೆಂದೇ ಎಣಿಸುತ್ತೇವೆ. ದೇಹವಾದ ಮಿದುಳಿನ ಕಡೆಗೆ ವಾಲಲೇಬೇಕಾದದ್ದು ಅಲ್ಲಿ. ಅದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ 1984ರ ತನ್ನ ಗ್ರಂಥದಲ್ಲಿ ಇಡೀ ಪ್ರಶ್ನೆಯನ್ನೇ ಅಲುಗಿಸಿದ. ಒಬ್ಬನ ಮಿದುಳಿನ ಎರಡು ಅರ್ಧಗಳನ್ನು ಎರಡು ದೇಹಗಳಲ್ಲಿ ಕೂರಿಸಿದರೆ ಇಬ್ಬರೂ ಅವನಂತೆಯೇ ನೆನೆಯುತ್ತಾರೆ. ಇಬ್ಬರೂ ಅವನೇ ಆಗಲಾರರು, ಏಕೆಂದರೆ ಇಬ್ಬರು ಒಬ್ಬರಲ್ಲ; ಒಬ್ಬನು ಮಾತ್ರ ಅವನೆನ್ನಲು ಕಾರಣವಿಲ್ಲ. ಆದರೂ ಇದನ್ನು ಸಾವಿನಷ್ಟು ಕೆಟ್ಟದ್ದೆನ್ನಲಾಗದು. ಹಾಗಾದರೆ ನಮಗೆ ಬೇಕಾದದ್ದು ಏಕತ್ವವಲ್ಲ, ಮನಸ್ಸಿನ ಮುಂದುವರಿಕೆ. ಅದು ಹೆಚ್ಚು ಕಡಿಮೆ ಆಗಬಲ್ಲದ್ದು. ಬುದ್ಧ ಇದನ್ನು ಒಪ್ಪುತ್ತಿದ್ದನೆಂದು ಪಾರ್ಫಿಟ್ ತಾನೇ ಸೂಚಿಸಿದ್ದಾನೆ. ವಾದ ಚೂಪಾಗಿದೆ, ಆದರೆ ಅದು ನಿಂತಿರುವುದು ಎಂದೂ ನಡೆಯದ ಶಸ್ತ್ರಚಿಕಿತ್ಸೆಯ ಮೇಲೆ. ಅಂಥ ಕಡೆ ನಮ್ಮ ಪದಗಳು ತಡವರಿಸಿದರೆ, ಅವು ನಡೆಯುವ ಲೋಕದಲ್ಲೂ ಟೊಳ್ಳೆಂದು ಅರ್ಥವಲ್ಲ. ತಾಯಿ ಎಂಬ ಪದ ಬಾಡಿಗೆ ಬಸಿರಿನಲ್ಲಿ ತೊಡಕಾದ ಮಾತ್ರಕ್ಕೆ ಉಳಿದ ತಾಯಂದಿರು ಸುಳ್ಳಾಗುವುದಿಲ್ಲ. ಪಾರ್ಫಿಟ್‌ನಿಂದ ಉಳಿಸಿಕೊಳ್ಳಬೇಕಾದದ್ದು ಬೇರೆಯದು. ‘ಅವನೇ’ ಎಂದು ಸ್ಥಾಪಿಸಿದ ಮಾತ್ರಕ್ಕೆ ಅವನಿಗೆ ಏನು ಸಲ್ಲಬೇಕೆಂಬುದು ತೀರ್ಮಾನವಾಗುವುದಿಲ್ಲ. ನಮ್ಮ ದಂಡಶಾಸನದಲ್ಲೂ ಈ ವಿವೇಕವಿದೆ. ಹಳೆಯ ದಂಡಸಂಹಿತೆಯ 84ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಕೃತ್ಯ ಎಸಗುವ ಹೊತ್ತಿನಲ್ಲಿ ಬುದ್ಧಿ ಸ್ವಸ್ಥವಾಗಿತ್ತೆ ಎಂದು ಕೇಳುತ್ತದೆ. ಮಾಡಿದವನು ಯಾರು ಎಂಬುದು ಅಲ್ಲಿ ಸಂಶಯವೇ ಅಲ್ಲ.

ಇದು ಈಗ ಕಾಗದದ ಮೇಲಿನ ಚರ್ಚೆಯಾಗಿ ಉಳಿದಿಲ್ಲ. ಮುಂದೆ ಮಾತು, ತಿಳಿವು ತಪ್ಪಿದಾಗ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯ ಮಾಡಿತು. ಅದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಮರೆಗುಳಿ ರೋಗಿಯ ವಿಷಯದಲ್ಲಿ ಇಂಥ ಬರಹದ ತೂಕವೆಷ್ಟು ಎಂಬ ಬಗ್ಗೆ 1993ರಲ್ಲಿ ಅಮೆರಿಕದ ನ್ಯಾಯಚಿಂತಕ ರೊನಾಲ್ಡ್ ಡ್ವಾರ್ಕಿನ್ ಬರೆದದ್ದು ದೊಡ್ಡ ವಿವಾದವಾಯಿತು. ಆಗ ಬರೆದವಳ ಇಚ್ಛೆ, ಈಗ ನೆನಪಿಲ್ಲದೆಯೂ ಕಿಟಕಿಯ ಬಿಸಿಲಿಗೆ ನಗುತ್ತಿರುವವಳನ್ನು ಕಟ್ಟಿಹಾಕಬಹುದೆ? ನೆನಪಿನ ಪಕ್ಷದವರು ಇವಳು ಅವಳಲ್ಲವೆಂದು ಕೈತೊಳೆದುಕೊಂಡಾರು. ದೇಹದ ಪಕ್ಷಕ್ಕೆ ಆ ಸುಲಭವಿಲ್ಲ: ಬರೆದವಳೂ ನಗುವವಳೂ ಒಬ್ಬಳೇ, ಹಾಗಾಗಿ ಬರಹದ ಮಾತೂ ನಗುವಿನ ಮಾತೂ ಅವಳದೇ, ಎರಡನ್ನೂ ಕೇಳಬೇಕು. ಕಾನೂನಿನ ದೃಷ್ಟಿಯಲ್ಲಿ ಸದ್ಯಕ್ಕೆ ಬೇಕಾದದ್ದು ಇಷ್ಟು: 2023ರಲ್ಲಿ ಸರಳಗೊಳಿಸಿದ ನಿಯಮದಂತೆ ಆ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಎದುರು ಸಹಿಯಾಗಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಅದನ್ನು ದೃಢೀಕರಿಸಬೇಕು.